ಕುಕ್ಕರಿಗೆ ಬದಲಾಗಿ ಬಂದ ಹಕ್ಕಿಗಳು

ಆ ಹಕ್ಕಿಗಳಿಗೆ ನಾನು ಕೊಟ್ಟದ್ದು ಒಂದು ದೊಡ್ಡ ಕುಕ್ಕರು, ಮುಚ್ಚಳ ಬಿಗಿಯಾಗಿ ಕೂರುವ ಮೂರು ಸ್ಟೀಲ್ ಡಬ್ಬ. ಅಷ್ಟಕ್ಕೇ ಮುಗಿದಿದ್ದರೆ ಅಗ್ಗವೇ. ಆದರೆ ಅಂದಿನಿಂದ ಇಂದಿನವರೆಗೆ ನನ್ನ ಅಂಗಡಿಯಲ್ಲಿ, ಬಾಗಿಲಿಗೆ ನೇರ ಎದುರಿಗೆ, ಗಿರಾಕಿಯ ಕಣ್ಣು ಮೊದಲು ಬೀಳುವ ಇಡೀ ಒಂದು ಹಲಗೆಯನ್ನು ಆ ಹಕ್ಕಿಗಳು ಹಿಡಿದುಕೊಂಡು ನಿಂತಿವೆ. ದೇವರಾಜ ಮೊಹಲ್ಲಾದಲ್ಲಿ ಅಂಗಡಿ ಇಟ್ಟವರಿಗೆ ಗೊತ್ತು, ಅಂಥ ಒಂದು ಹಲಗೆ ಎಂದರೆ ಏನೆಂದು. ಅದರ ಮೇಲೆ ಹಿತ್ತಾಳೆ ದೀಪ ಇಟ್ಟರೆ ವರ್ಷವಿಡೀ ಹೋಗುತ್ತವೆ. ನಾನು ಮಾರದ ಹಕ್ಕಿ ಇಟ್ಟುಕೊಂಡಿದ್ದೇನೆ. ಏಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಕಟ್ಟಿ ಹೇಳಿ ಸಾಕಾಗಿದೆ. ಒಂದು ಸಲ ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡುತ್ತೇನೆ, ಆಮೇಲೆ ಯಾರೂ ಕೇಳಬಾರದು.

ನಾನು ಇಂಥವನ್ನೆಲ್ಲ ನಂಬಿದವಳಲ್ಲ. ಮದುವೆಯಾದ ಹೊಸತರಲ್ಲೇ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಜರಿ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತ ಬೀದಿ ಬೀದಿ ತಿರುಗಿದವಳು ನಾನು. ಪಾತ್ರೆ ಕೊಂಡ ಮರುವಾರ ಮನೆಯಲ್ಲಿ ಯಾರಿಗೋ ಜ್ವರ ಬಂತೆಂದು ಅದನ್ನು ವಾಪಸು ತಂದವರನ್ನು ನೋಡಿದ್ದೇನೆ. "ಪಾತ್ರೆ ಬೇಕಾದ್ರೆ ಬುಟ್ಟು ಹೋಗಿ ತಾಯಿ, ಸೀರೆ ಮಾತ್ರ ವಾಪಸ್ ಇಲ್ಲ" ಎಂದದ್ದೇ ತಡ, ಪಾತ್ರೆಯ ದೋಷವೆಲ್ಲ ಅಲ್ಲೇ ಪರಿಹಾರವಾಗುತ್ತಿತ್ತು. ದೋಷ, ದೃಷ್ಟಿ, ಗಾಳಿ ಎಂಬುವೆಲ್ಲ ಚೌಕಾಸಿಯ ಇನ್ನೊಂದು ದಾರಿ ಎಂದೇ ನಾನು ತಿಳಿದಿದ್ದೆ. ಈಗಲೂ ಮುಕ್ಕಾಲು ಪಾಲು ಹಾಗೇ ತಿಳಿದಿದ್ದೇನೆ. ಉಳಿದ ಕಾಲು ಪಾಲಿನ ಕತೆ ಇದು.

ಬುಟ್ಟಿಯಿಂದ ತಳ್ಳುಗಾಡಿ, ತಳ್ಳುಗಾಡಿಯಿಂದ ಅಂಗಡಿ. ಹಿತ್ತಾಳೆ ಸಾಮಾನಿನ ಜೊತೆಗೆ ದಸರಾ ಹತ್ತಿರ ಬಂದಾಗ ಗೊಂಬೆ ಮಾರಲು ಶುರುಮಾಡಿದೆ. ನಮ್ಮ ಊರಿನಲ್ಲಿ ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವ ಮನೆಗಳು ಬಹಳ. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಿಸಬೇಕು. ಅದೇ ನನ್ನ ವ್ಯಾಪಾರಕ್ಕೆ ಆಧಾರ. ವಿಜಯದಶಮಿಯ ಸಂಜೆ ಆರತಿ ಎತ್ತಿ, ಗೊಂಬೆಯನ್ನು ಮಲಗಿಸಿ, ಆಮೇಲೆ ಹಳೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಬೇಕು. ನಿಂತ ಗೊಂಬೆಯನ್ನು ಹಾಗೇ ಒಳಗಿಡುವುದಿಲ್ಲ. ನನಗೆ ಇದೆಲ್ಲ ಗಿರಾಕಿಗಳಿಂದ ಕೇಳಿ ಗೊತ್ತು, ಅಷ್ಟೆ. ನಮ್ಮ ತವರಿನಲ್ಲಿ ಗೊಂಬೆ ಕೂರಿಸಿದವರಿಲ್ಲ. ಗೊಂಬೆಗಿರಲಿ, ಆ ಮನೆಯಲ್ಲಿ ನಾವು ಕೂರುವುದಕ್ಕೇ ಜಾಗ ಸಾಲುತ್ತಿರಲಿಲ್ಲ.

ವಿಶಾಲಾಕ್ಷಿ ಟೀಚರ್ ನನ್ನ ಹಳೇ ಗಿರಾಕಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಅವರ ತಾತ ಅರಮನೆಯ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದರಂತೆ. ಕೃಷ್ಣಮೂರ್ತಿಪುರದ ಒಂದು ಮಹಡಿ ಮನೆಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ತಮ್ಮನ ಮಗಳು ಸುಮಾ ಜೊತೆ ಇದ್ದಾರೆ. ಒಂದು ವರ್ಷ ಹಬ್ಬಕ್ಕೆ ತಿಂಗಳಿರುವಾಗ ನನಗೆ ಹೇಳಿಕಳಿಸಿದರು. ಹೋದರೆ, ಊಟದ ಮೇಜಿನ ಮೇಲೆ ಹಕ್ಕಿಗಳ ಸಾಲು. ಕಾಗದದ ತಿರುಳಿನಿಂದ ಅವರೇ ಮಾಡಿ ಬಣ್ಣ ಹಚ್ಚಿದ್ದವು. ಒಂದೊಂದಕ್ಕೂ ತಂತಿಯ ಕಾಲು, ಕೆಳಗೆ ಮರದ ಸಣ್ಣ ಪೀಠ. ವರ್ಷಕ್ಕೊಂದರಂತೆ ಸೇರಿಸುತ್ತ ಬಂದದ್ದು. ಪೆಸಿಫಿಕ್ ಸಾಗರದ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕೆಯಂತೆ ಇರುವ ದ್ವೀಪಗಳ ಹಕ್ಕಿಗಳು, ಕೆಲವು ಈಗ ಭೂಮಿಯ ಮೇಲೇ ಇಲ್ಲವಂತೆ.

"ಕಣ್ಣು ಹೋಗ್ತಾ ಇದೆ ಕಣ್ರೀ. ಡಾಕ್ಟ್ರು ಉಳಿಯಲ್ಲ ಅಂದುಬಿಟ್ರು," ಎಂದರು ಟೀಚರ್, ತರಕಾರಿ ಬೆಲೆ ಹೇಳುವ ಹಾಗೆ. "ಈ ವರ್ಷ ಹೊಸದು ಮಾಡಕ್ಕಾಗಲಿಲ್ಲ. ಹೊಸದು ಇಲ್ದೇ ಹಳೇದನ್ನೇ ಕೂರಿಸೋಕೆ ನನಗೆ ಮನಸ್ಸಿಲ್ಲ. ನೀವು ತೊಗೊಂಡು ಹೋಗಿ."

ವ್ಯಾಪಾರ ವ್ಯಾಪಾರವೇ. ನಾನು ಮೊದಲು ಮುಖ ಸಪ್ಪಗೆ ಮಾಡಿದೆ. "ಟೀಚರ್, ಬೇಜಾರು ಮಾಡ್ಕೋಬೇಡಿ. ರಾಜ ರಾಣಿ ಹೋಗತ್ತೆ, ಮದುವೆ ದಿಬ್ಬಣ ಹೋಗತ್ತೆ, ಕ್ರಿಕೆಟ್ ಆಡೋರ ಸೆಟ್ಟೂ ಹೋಗತ್ತೆ. ಹೆಸರೇ ಗೊತ್ತಿಲ್ಲದ ಹಕ್ಕೀನ ಯಾರು ಕೇಳ್ತಾರೆ ಹೇಳಿ?"

"ಯಾರಿಗೂ ಹೆಸರು ಗೊತ್ತಿಲ್ದೇ ಇದ್ದಿದ್ದಕ್ಕೇ ಅಲ್ವೇನ್ರೀ ಇವು ಹೋಗಿದ್ದು," ಎಂದರು.

ಆಮೇಲೆ ಒಂದೊಂದನ್ನೂ ಬೆರಳಿನಿಂದ ಸವರಿ ಗುರುತು ಹಿಡಿದು ನನಗೆ ಪರಿಚಯ ಮಾಡಿಸಿದರು. ದಾಲ್ಚಿನ್ನಿ ಬಣ್ಣದ ಮೈ, ನೀಲಿ ರೆಕ್ಕೆಯದು ಗುವಾಮ್ ಎಂಬ ದ್ವೀಪದ ಮಿಂಚುಳ್ಳಿ. ಅಲ್ಲಿಗೆ ಹಡಗಿನ ಸರಕಿನ ಜೊತೆ ಒಂದು ಜಾತಿಯ ಹಾವು ಬಂದು ಸೇರಿಕೊಂಡು, ಗೂಡು ಗೂಡು ಹುಡುಕಿ ತಿಂದಿತಂತೆ. ಎಲ್ಲೋ ಪಂಜರದಲ್ಲಿ ಸಾಕಿ ಆ ಜಾತಿಯನ್ನು ಉಳಿಸಿಕೊಂಡರಂತೆ. "ಕಾಡು ಹಾಗೇ ಇದೆ, ಮರ ಹಾಗೇ ಇದೆ. ಸದ್ದು ಮಾತ್ರ ಇಲ್ಲ," ಎಂದರು. ಕಪ್ಪು ಮೈಗೆ ಹಳದಿ ಗರಿಯ ಗೊಂಚಲಿದ್ದದ್ದು ಹವಾಯಿಯದು. ಅಲ್ಲಿನ ದೊರೆಗಳು ಆ ಹಳದಿ ಗರಿಯಲ್ಲಿ ಮೇಲುಹೊದಿಕೆ ಹೊಲಿಸಿಕೊಳ್ಳುತ್ತಿದ್ದರಂತೆ, ಆಮೇಲೆ ಸೊಳ್ಳೆಯ ಕಾಯಿಲೆ ಬಂದು ಉಳಿದವೂ ಹೋದವಂತೆ. ಬೂದು ಬಣ್ಣದ, ತಲೆಯ ಮೇಲೆ ಜುಟ್ಟಿದ್ದ ಒಂದಕ್ಕೆ ಹಾರಲು ಬಾರದು. ಬೆಳಗಿನ ಜಾವ ನಾಯಿ ಬೊಗಳಿದ ಹಾಗೆ ಕೂಗುತ್ತದಂತೆ, ಇನ್ನೂ ಸ್ವಲ್ಪ ಉಳಿದಿವೆಯಂತೆ. ಒಂದು ಸಣ್ಣ ಹಸಿರು ಗಿಳಿ ಇತ್ತು. "ಇದರ ದನಿ ಹೇಗಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ. ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ," ಎಂದು ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡರು. ಉಳಿದವಕ್ಕೆಲ್ಲ ಅವರ ಮೊಬೈಲಿನಲ್ಲಿ ಕೂಗು ಇತ್ತು. ಹಬ್ಬದಲ್ಲಿ ಗೊಂಬೆ ನೋಡಲು ಬಂದವರಿಗೆ ಅದನ್ನು ಕೇಳಿಸುತ್ತಿದ್ದರಂತೆ. ಕೊನೆಯದು ಸಮೋವಾ ದ್ವೀಪದ ಪಾರಿವಾಳ, ಕೆಂಪು ಕೊಕ್ಕು, ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಕಚ್ಚು.

"ಇದು ಬೆರಳೆಣಿಕೆಯಷ್ಟಾದರೂ ಉಳಿದಿರಬಹುದು ಅಂತ ಹುಡುಕ್ತಾನೇ ಇದಾರೆ. ಅದಕ್ಕೇ ಇದನ್ನ ಯಾವಾಗಲೂ ಕೊನೇಲಿ ಮಲಗಿಸ್ತೀನಿ. ನೀವೂ ಹಾಗೇ ಮಾಡಬೇಕು. ವಿಜಯದಶಮಿ ಸಂಜೆ ಎಲ್ಲಾನೂ ಮಲಗಿಸಿ, ಇದನ್ನ ಕೊನೇಲಿ. ಬೇರೆ ಬೇರೆ ಮಾಡಿ ಮಾರಬೇಡಿ."

"ಆಯ್ತು ಟೀಚರ್. ಏನು ಕೊಡ್ಲಿ?"

"ದುಡ್ಡು ಬೇಡ. ಸೀಟಿ ಜೋರಾಗಿ ಹೊಡೆಯೋ ಕುಕ್ಕರ್ ಒಂದು ಕೊಡಿ. ಇನ್ನು ಮೇಲೆ ನಾನು ಕಿವೀಲೇ ಅಡುಗೆ ಮಾಡಬೇಕಲ್ಲ."

ಕೈಗೆ ಅಳತೆ ತಿಳಿಯಲೆಂದು ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಡಬ್ಬವನ್ನು ನಾನೇ ಮೇಲೆ ಸೇರಿಸಿ ಕೊಟ್ಟೆ. ಚೌಕಾಸಿಯಲ್ಲಿ ಎದುರಿನವರು ಕೇಳದೆ ನಾನು ಸೇರಿಸಿ ಕೊಟ್ಟದ್ದು ಅದೇ ಮೊದಲು.

ಆ ದಸರೆಗೆ ಹಕ್ಕಿಗಳನ್ನು ಎದುರಿನ ಹಲಗೆಯಲ್ಲಿ ಸಾಲಾಗಿ ಇಟ್ಟೆ. ಜನ ಅವನ್ನು ನೋಡಲೆಂದು ಒಳಗೆ ಬಂದು ಬೇರೇನಾದರೂ ಕೊಂಡು ಹೋಗುತ್ತಿದ್ದರು. ವ್ಯಾಪಾರ ಚೆನ್ನಾಗಿಯೇ ಆಯಿತು. ಒಂಬತ್ತು ದಿನ ನಿಂತು ನಿಂತು ನನ್ನ ಕಾಲು ಊದಿ, ದನಿ ಒಡೆದು, ಯಾವಾಗ ಮುಗಿಯುತ್ತದೋ ಎಂಬ ಹಾಗಾಗಿತ್ತು.

ವಿಜಯದಶಮಿಯ ದಿನ ಜಂಬೂ ಸವಾರಿ. ನನ್ನ ಅಂಗಡಿ ಇರುವುದು ಸಯ್ಯಾಜಿರಾವ್ ರಸ್ತೆಗೆ ತೆರೆದುಕೊಳ್ಳುವ ಒಂದು ಓಣಿಯ ಬಾಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ತಡೆ ಹಾಕಿದರೆ ಮುಗಿಯಿತು, ಆನೆಗಳೆಲ್ಲ ದಾಟಿ ಜನ ಕರಗುವ ತನಕ ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಸುಮ್ಮನೆ ಕೂರುವುದೇಕೆಂದು ನಾನು ಪ್ರತಿವರ್ಷ ಅಂಗಡಿಯ ಸ್ಟೂಲುಗಳನ್ನು ಹಿಂದಿನ ಸಾಲಿನವರಿಗೆ ಬಾಡಿಗೆಗೆ ಕೊಡುತ್ತೇನೆ.

"ಏನಕ್ಕಾ, ನಿಂತ್ಕೊಳ್ಳೋಕೂ ಬಾಡಿಗೇನಾ?" ಎಂದ ಹೂಟಗಳ್ಳಿಯಿಂದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ ಒಬ್ಬ.

"ಕೂತ್ಕೊಂಡ್ರೆ ಇನ್ನೂ ಜಾಸ್ತಿ ಕಣಪ್ಪ. ಆನೆ ಕಾಣಬೇಕೋ, ಆನೆ ನೋಡೋರ ಬೆನ್ನು ಕಾಣಬೇಕೋ, ಯೋಚನೆ ಮಾಡು."

ಅವನು ನಗುತ್ತ ಸ್ಟೂಲು ತೆಗೆದುಕೊಂಡ. ಸ್ಟೂಲುಗಳೆಲ್ಲ ಹೋದ ಮೇಲೆ ಜನ ಒಳನುಗ್ಗದಿರಲೆಂದು ಹೊರಗಿನ ಕಬ್ಬಿಣದ ಜಾಲರಿ ಗೇಟನ್ನು ಎಳೆದು ಬೀಗ ಹಾಕಿ, ಒಳಗಿನ ಗಾಜಿನ ಬಾಗಿಲನ್ನೂ ಹಾಕಿಕೊಂಡೆ. ಅಷ್ಟು ಹೊತ್ತಿಗೆ ಕುಶಾಲತೋಪು ಹಾರಿತು. ಕಪಾಟಿನ ಹಿತ್ತಾಳೆಯೆಲ್ಲ ಝಣಗುಟ್ಟಿತು. ಡೊಳ್ಳಿನವರು, ಕಂಸಾಳೆಯವರು, ಪೊಲೀಸ್ ಬ್ಯಾಂಡು, ಪೀಪಿ ಮಾರುವವರು, ಸೀಟಿ, ಮಕ್ಕಳ ಅಳು. ಮಾತಾಡಿದರೆ ನನ್ನ ಮಾತು ನನಗೇ ಕೇಳದಷ್ಟು ಗದ್ದಲ. ಹೊರಗೆ ಇನ್ನೂ ಬಿಸಿಲಿತ್ತು. ಮನೆಗೆ ಹೋದರೆ ಮಲಗಿಬಿಡುತ್ತೇನೆ, ಟೀಚರಿಗೆ ಕೊಟ್ಟ ಮಾತು ಈಗಲೇ ಮುಗಿಸಿಬಿಡೋಣ ಎಂದು ಊದುಬತ್ತಿ ಹಚ್ಚಿದೆ.

ಮೊದಲು ಮಿಂಚುಳ್ಳಿಯನ್ನು ಮಲಗಿಸಿದೆ. ಡೊಳ್ಳು ನಿಂತಿತು. ಮೆರವಣಿಗೆ ಎಲ್ಲೋ ತಡೆದು ನಿಂತಿರಬೇಕು ಎಂದುಕೊಂಡೆ. ಹಳದಿ ಗರಿಯದನ್ನು ಮಲಗಿಸಿದೆ. ಬ್ಯಾಂಡು ನಿಂತಿತು. ಅದೂ ಸರಿಯೇ, ಬ್ಯಾಂಡಿನವರಿಗೂ ಉಸಿರು ಬೇಕಲ್ಲ. ಜುಟ್ಟಿನದನ್ನು ಮಲಗಿಸಿದಾಗ ಪೀಪಿಗಳು ಹೋದವು, ಅದರ ಮುಂದಿನದಕ್ಕೆ ಪೊಲೀಸರ ಸೀಟಿ. ಆಗಲೂ ನನಗೆ ಏನೂ ಅನ್ನಿಸಲಿಲ್ಲ ಎಂದರೆ ನೀವು ನಂಬಬೇಕು. ದಣಿದವಳಿಗೆ ಗದ್ದಲ ಕಡಿಮೆಯಾದರೆ ಹಿತವೇ ಅಲ್ಲವೇ. ಹಸಿರು ಗಿಳಿಯನ್ನು ಕೈಗೆ ತೆಗೆದುಕೊಂಡು, ಪಾರಿವಾಳದ ಪಕ್ಕದಲ್ಲಿ ಮೆಲ್ಲಗೆ ಒರಗಿಸಿದೆ. ಎಲ್ಲವೂ ನಿಂತುಹೋಯಿತು.

ತಿರುಗಿ ನೋಡಿದೆ. ಗಾಜಿನ ಆಚೆ, ಓಣಿಯ ಬಾಯಲ್ಲಿ, ಡೊಳ್ಳಿನವನ ಕೋಲು ಡೊಳ್ಳಿನ ಮೇಲೆ ಬೀಳುತ್ತಿತ್ತು. ಬ್ಯಾಂಡಿನವರ ಕೆನ್ನೆ ಉಬ್ಬುತ್ತಿತ್ತು. ನನ್ನ ಸ್ಟೂಲಿನ ಮೇಲೆ ನಿಂತಿದ್ದ ಹೂಟಗಳ್ಳಿಯವನ ಮಗಳು ಬಾಯಿ ತೆರೆದು ಕೂಗುತ್ತಿದ್ದಳು. ಯಾವುದರ ಸದ್ದೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು, ಅದರ ಗರಗರ ಸದ್ದು ಇಲ್ಲ. ಒಂದು ಹಿತ್ತಾಳೆ ತಟ್ಟೆಯನ್ನು ಬೇಕೆಂದೇ ನೆಲಕ್ಕೆ ಹಾಕಿದೆ. ಅದು ಉರುಳಿ, ಸುತ್ತಿ, ಮಲಗಿತು. ನೆಲ ಅದುರಿದ್ದು ಕಾಲಿಗೆ ತಿಳಿಯಿತು, ಕಿವಿಗೆ ಏನೂ ಬರಲಿಲ್ಲ. ಅಯ್ಯೋ ಎಂದೆ. ಎಂದೆನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಹಲಗೆಯ ಮೇಲೆ ಪಾರಿವಾಳ ಒಂದೇ ನಿಂತಿತ್ತು.

ಆಗ ಮೇಜಿನ ಮೇಲೆ ಮೊಬೈಲು ಅದುರುತ್ತ ಜರುಗುವುದು ಕಂಡಿತು. ಟೀಚರ್ ಹೆಸರು. ತೆಗೆದು ಕಿವಿಗೆ ಹಿಡಿದೆ, ಖಾಲಿ. ಹಲೋ ಹಲೋ ಎಂದು ಬಾಯಾಡಿಸಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ನನಗೆ ಅನ್ನಿಸಿದ್ದು ಒಂದೇ: ಕಿವಿ ಹೋಯಿತು, ಇನ್ನು ಗಿರಾಕಿ ಬೆಲೆ ಕೇಳಿದರೆ ನನಗೆ ತಿಳಿಯುವುದು ಹೇಗೆ? ಫೋನನ್ನು ಮೇಜಿನ ಮೇಲಿಟ್ಟು, ಕೊನೆಗೆ ಮಲಗಿಸಿದ್ದ ಗಿಳಿಯನ್ನು ಎತ್ತಿ ನಿಲ್ಲಿಸಿದೆ. ಮಕ್ಕಳ ಕೂಗು ಬಂತು. ಉಳಿದವನ್ನು ಹೇಗೆ ನಿಲ್ಲಿಸಿದೆನೋ, ಎಲ್ಲ ನಿಂತ ಮೇಲೆ ಡೊಳ್ಳು, ಬ್ಯಾಂಡು, ಸೀಟಿ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದ ಹಾಗೆ ಬಂದವು. ಫೋನಿನಲ್ಲಿ ಟೀಚರ್ ಇನ್ನೂ ಇದ್ದರು.

"ಏನ್ರೀ, ಯಾಕೆ ನಿಲ್ಲಿಸಿಬಿಟ್ರಿ?" ಎಂದರು. ದನಿ ಅಳುತ್ತಿತ್ತೋ ನಗುತ್ತಿತ್ತೋ ಹೇಳಲಾರೆ.

"ಏನನ್ನ ಟೀಚರ್?"

"ಹಕ್ಕಿಗಳನ್ನ! ಅಷ್ಟು ಹೊತ್ತು ಕೂಗ್ತಿದ್ವಲ್ಲ ನಿಮ್ಮ ಅಂಗಡೀಲಿ. ನನ್ನ ಮೊಬೈಲಲ್ಲಿರೋದಕ್ಕಿಂತ ಎಷ್ಟು ಚೆನ್ನಾಗಿತ್ತು. ಮಿಂಚುಳ್ಳಿ ಗುರುತು ಸಿಕ್ತು, ಹಳದಿ ಗರೀದೂ ಸಿಕ್ತು. ಸುಮಾ ಅಡುಗೆಮನೆಯಿಂದ ಓಡಿಬಂದ್ಲು, ಅತ್ತೆ ಇದ್ಯಾವುದು ಅಂತ. ನಡುನಡುವೆ ಒಂದು ದನಿ ಬರ್ತಿತ್ತು. ಅದು ಯಾವುದು ಅಂತ ಮಾತ್ರ ಗೊತ್ತಾಗಲಿಲ್ಲ ಕಣ್ರೀ. ನಾನು ಎಲ್ಲೂ ಕೇಳಿಲ್ಲ. ಎಲ್ಲಿಂದ ಹಾಕಿದ್ರಿ?"

ನಾನು ಹಸಿರು ಗಿಳಿಯನ್ನೇ ನೋಡುತ್ತ ನಿಂತೆ. ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಓದಿದವರು, ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ, "ಇನ್ನೊಂದು ಸಲ ಮಲಗಿಸ್ತೀರಾ?" ಎಂದರು.

"ಇವತ್ತು ಆಗಲ್ಲ ಟೀಚರ್," ಎಂದೆ. ಆಗಲ್ಲ ಎಂದರೆ ಹೆದರಿಕೆ ಎಂದು ಅರ್ಥ. ಅದು ಅವರಿಗೂ ತಿಳಿಯಿತು.

ಮರುದಿನವೇ ಕಿವಿ ಡಾಕ್ಟರ ಹತ್ತಿರ ಹೋದೆ. ಯಂತ್ರ ಹಚ್ಚಿ ನೋಡಿ, ನಿಮ್ಮ ವಯಸ್ಸಿಗೆ ಇಷ್ಟು ಚೆನ್ನಾಗಿ ಕೇಳುವುದೇ ಹೆಚ್ಚು ಎಂದರು. ದಣಿವು, ತೋಪಿನ ಸದ್ದು, ಉಪವಾಸ ಎಂದು ಕಾರಣ ಕೊಟ್ಟರು. ಇರಬಹುದು. ಫೋನಿನ ವಿಷಯವೂ ಯೋಚಿಸಿದೆ. ಆ ಜನಜಂಗುಳಿಯಲ್ಲಿ ಯಾರದೋ ಲೈನು ಯಾರಿಗೋ ಸೇರಿರಬಹುದು. ಟೀಚರ ಮೊಬೈಲಿನಲ್ಲಿದ್ದ ಕೂಗುಗಳೇ ತಾವಾಗಿ ಓಡಿರಬಹುದು. ಆದರೆ ಆ ಗುರುತು ಸಿಗದ ದನಿ ಅವರ ಮೊಬೈಲಿನಲ್ಲಿ ಇಲ್ಲ. ಸುಮಾ ಕೂತು ಎಲ್ಲವನ್ನೂ ಹಾಕಿ ನೋಡಿದ್ದಾಳೆ. ನನ್ನ ಕಿವಿ ಕೆಟ್ಟದ್ದೂ, ಅವರಿಗೆ ಹಕ್ಕಿ ಕೇಳಿದ್ದೂ ಒಂದೇ ಹೊತ್ತಿಗೆ ಹೇಗೆ ಬಂದವು ಎಂದು ಡಾಕ್ಟರನ್ನು ಕೇಳಿದೆ. ಅವರು ಮುಂದಿನವರನ್ನು ಕಳಿಸಿ ಎಂದು ಬಾಗಿಲ ಕಡೆ ನೋಡಿದರು.

ಆ ವರ್ಷ ಕಳೆಯುವುದರೊಳಗೆ ಟೀಚರ ಕಣ್ಣು ಪೂರ್ತಿ ಹೋಯಿತು. ಆದರೆ ಅವರು ಕಣ್ಣಿನ ಮಾತು ಎತ್ತುತ್ತಿರಲಿಲ್ಲ. ಕುಕ್ಕರಿನ ರಬ್ಬರಿಗೆಂದೋ ಮತ್ತೊಂದಕ್ಕೆಂದೋ ಫೋನು ಮಾಡಿ, ಕೊನೆಯಲ್ಲಿ ಕೇಳುತ್ತಿದ್ದದ್ದು ಅದೊಂದೇ: "ಈ ಸಲ ಮಲಗಿಸ್ತೀರಾ? ನಿಮಗೆ ತೊಂದರೆ ಇಲ್ಲದಿದ್ರೆ." ಜೀವನದಲ್ಲಿ ಎಷ್ಟೋ ಜನ ನನ್ನನ್ನು ಗೋಗರೆದು ಬೆಲೆ ಇಳಿಸಿದ್ದಾರೆ, ಎಷ್ಟೋ ಜನರನ್ನು ನಾನು ಗೋಗರೆದಿದ್ದೇನೆ. ಇದಕ್ಕೆ ಎಷ್ಟು ಹೇಳಬೇಕು, ಎಲ್ಲಿಗೆ ಇಳಿಯಬೇಕು ಎಂಬುದು ನನಗೆ ಗೊತ್ತಾಗಲಿಲ್ಲ. ಅವರಿಗೆ ಆ ದನಿ ಬೇಕಿತ್ತು. ನನಗೆ ನನ್ನ ಕಿವಿ ಬೇಕಿತ್ತು.

ಮುಂದಿನ ವಿಜಯದಶಮಿಗೆ ಒಪ್ಪಿದೆ. ಅದೇ ಗದ್ದಲ, ಅದೇ ಬಿಸಿಲು. ಬಾಗಿಲು ಹಾಕಿ, ಟೀಚರಿಗೆ ಫೋನು ಮಾಡಿ ಹಲಗೆಯ ಮೇಲಿಟ್ಟು, ಒಂದೊಂದಾಗಿ ಮಲಗಿಸುತ್ತ ಹೋದೆ. ಒಂದೊಂದಕ್ಕೂ ಕಣ್ಣು ಮುಚ್ಚಿಕೊಂಡೆ. ಡೊಳ್ಳು ಹೋಗಲಿಲ್ಲ. ಬ್ಯಾಂಡು ಹೋಗಲಿಲ್ಲ. ಗಿಳಿಯನ್ನು ಒರಗಿಸಿದ ಮೇಲೂ ಊರೆಲ್ಲ ಹಾಗೇ ಕೂಗುತ್ತಿತ್ತು.

"ಏನಾದ್ರೂ ಬಂತಾ ಟೀಚರ್?"

"ಪೀಪಿ ಬರ್ತಿದೆ," ಎಂದರು.

ಇನ್ನಷ್ಟು ಹೊತ್ತು ಕಾದೆವು. ನನ್ನ ಕಿವಿ ಉಳಿಯಿತಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಳೆದ ವರ್ಷ ಹೆದರಿ ಎತ್ತಿ ನಿಲ್ಲಿಸದೆ ಇನ್ನೊಂದು ಗಳಿಗೆ ತಡೆದಿದ್ದರೆ ಎನ್ನಿಸಿತು. "ಪಾರಿವಾಳಾನೂ ಮಲಗಿಸಿ ನೋಡ್ಲಾ?" ಎಂದು ನಾನೇ ಕೇಳಿದೆ, ಕೈಯನ್ನೂ ಚಾಚಿದೆ.

ಅವರು ಬೇಕೆಂದಿದ್ದರೆ ಮಲಗಿಸಿಯೇಬಿಡುತ್ತಿದ್ದೆ.

"ಬೇಡ," ಎಂದರು ಟೀಚರ್. "ಅದು ನಿಂತಿರಲಿ. ಉಳಿದವನ್ನೂ ಎಬ್ಬಿಸಿಬಿಡಿ. ಇನ್ನು ಮಲಗಿಸೋದೇ ಬೇಡ."

ಹೀಗೆ ಅವು ಅಲ್ಲೇ ನಿಂತಿವೆ. ಪ್ರತಿ ವಿಜಯದಶಮಿ ಸಂಜೆ ಟೀಚರ್ ಫೋನು ಮಾಡುತ್ತಾರೆ. ನಾನು ತೆಗೆದು ಹಲಗೆಯ ಮೇಲಿಡುತ್ತೇನೆ. ಆನೆ ದಾಟುವ ತನಕ ಇಬ್ಬರೂ ಮಾತಾಡುವುದಿಲ್ಲ. ಹಕ್ಕಿಯ ಕೂಗು ಬರುವುದಿಲ್ಲ. ಆಮೇಲೆ ಅವರು ಕುಕ್ಕರು ಚೆನ್ನಾಗಿದೆ ಎನ್ನುತ್ತಾರೆ, ನಾನು ರಬ್ಬರು ಬದಲಾಯಿಸಿ ಎನ್ನುತ್ತೇನೆ.

ಇದಕ್ಕೆ ಅರ್ಥ ನನ್ನನ್ನು ಕೇಳಬೇಡಿ. ಬುದ್ಧಿಮಾತು ಬೇಕಾದರೆ ಹೇಳುತ್ತೇನೆ, ಅದಕ್ಕೆ ದುಡ್ಡಿಲ್ಲ. ಜಂಬೂ ಸವಾರಿಯ ದಿನ ಆ ರಸ್ತೆಯ ಆಸುಪಾಸಿನಲ್ಲಿ ಅಂಗಡಿ ಇದ್ದರೆ ಮಧ್ಯಾಹ್ನಕ್ಕೆ ಮೊದಲೇ ಬೀಗ ಹಾಕಿ ಮನೆಗೆ ಹೋಗಿ. ಸ್ಟೂಲಿನ ಬಾಡಿಗೆಗೆ ಆಸೆ ಪಡಬೇಡಿ. ಕಿವಿಯನ್ನು ಒಮ್ಮೆ ತೋರಿಸಿಕೊಳ್ಳಿ, ಚೆನ್ನಾಗಿದೆ ಎಂದರೂ ತೋರಿಸಿಕೊಳ್ಳಿ. ಬೇರೆಯವರ ಮನೆಯ ಗೊಂಬೆ ಕೊಳ್ಳುವಾಗ ಬೆಲೆ ಕೇಳುವುದಕ್ಕೆ ಮೊದಲು, ಅವರು ಯಾವುದನ್ನು ಕೊನೆಯಲ್ಲಿ ಮಲಗಿಸುತ್ತಿದ್ದರು, ಏಕೆ ಎಂದು ಕೇಳಿ. ಹೇಳಿದರೆ ಅದನ್ನು ನಿಲ್ಲಿಸಿಯೇ ಇಡಿ, ಹಲಗೆ ಹೋದರೆ ಹೋಗಲಿ. ಮತ್ತೆ, ಯಾರಾದರೂ ಫೋನು ಮಾಡಿ ನಿಮಗೆ ಏನೂ ಕೇಳದೆ ಹೋದರೆ, ಲೈನು ಸರಿಯಿಲ್ಲವೆಂದು ಕೂಡಲೇ ಇಟ್ಟುಬಿಡಬೇಡಿ. ಆ ಕಡೆಯವರಿಗೆ ಏನು ಕೇಳುತ್ತಿದೆಯೋ ನಿಮಗೆ ಗೊತ್ತಿರುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿರಿ.